ಉದ್ಯೋಗ ವಿನಿಮಯ ಕೇಂದ್ರದ ಕಾರ್ಡು ನವೀಕರಿಸಬೇಕೆ, ಬಿಡಬೇಕೆ? ಹೋಗಿ ಬಂದವರ ಅನುಭವ ತಿಳಿಸಿ

ಕೃಷ್ಣಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಕೃಷ್ಣೆಯ ದಂಡೆಯ ಒಂದು ಹಳ್ಳಿಯವನು. 2021ರಲ್ಲಿ ಬಿ.ಕಾಂ. ಮುಗಿಸಿದ ಮೇಲೆ ಹತ್ತಿರದ ಪಟ್ಟಣದ ತೆರಿಗೆ ಸಲಹೆಗಾರರೊಬ್ಬರ ಕಚೇರಿಯಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ಟ್ಯಾಲಿಯಲ್ಲಿ ಲೆಕ್ಕ ಬರೆಯುವ ಕೆಲಸ ಮಾಡಿದೆ. ಅವರು ವಯಸ್ಸಾಯಿತೆಂದು ಮಗನಿರುವ ಪುಣೆಗೆ ಹೋಗಿ ನೆಲೆಸಿದರು, ಕಚೇರಿ ಮುಚ್ಚಿತು. ಅಲ್ಲಿಂದೀಚೆಗೆ ನನಗೆ ಕೆಲಸವಿಲ್ಲ. ಕಬ್ಬಿನ ಹಂಗಾಮಿನಲ್ಲಿ ತಂದೆಯವರಿಗೆ ನೆರವಾಗುವುದನ್ನು ಉದ್ಯೋಗವೆಂದು ಎಣಿಸಿದರೆ ಮಾತು ಬೇರೆ. ಯುವನಿಧಿ ಯೋಜನೆ 2022-23ರಲ್ಲಿ ತೇರ್ಗಡೆಯಾದವರಿಂದ ಆರಂಭವಾಗಿರುವುದರಿಂದ ಅದೂ ನನಗೆ ಅನ್ವಯಿಸುವುದಿಲ್ಲ.

ಪದವಿ ಮುಗಿದ ಹೊಸತರಲ್ಲಿ ಜಿಲ್ಲಾ ಉದ್ಯೋಗ ವಿನಿಮಯ ಕೇಂದ್ರದಲ್ಲಿ ಹೆಸರು ನೋಂದಾಯಿಸಿ ಕಾರ್ಡು ಪಡೆದಿದ್ದೆ. ಅದರ ಅವಧಿ ಈಗ ಮುಗಿದಿದೆ. ಕಾರ್ಡು ಕೈಬಿಟ್ಟರೆ ಹಿರಿತನ ಹೋಗುತ್ತದೆ, ಸರಕಾರಿ ನೌಕರಿಯ ಪಾಳಿಯಲ್ಲಿ ಮತ್ತೆ ಕಟ್ಟಕಡೆಗೆ ನಿಲ್ಲಬೇಕಾಗುತ್ತದೆ ಎಂಬುದು ತಂದೆಯವರ ಆತಂಕ. ಅದು ಹಳೆಯ ಕಾಲದ ಮಾತು, ಈಗ ಎಲ್ಲವೂ ಮೊಬೈಲಿನಲ್ಲೇ ಆಗುತ್ತದೆ ಎಂಬುದು ಗೆಳೆಯರ ವಾದ. ಜಿಲ್ಲಾ ಕೇಂದ್ರಕ್ಕೆ ಹೋಗಿ ಬರಲು ನಮಗೆ ಇಡೀ ದಿನ ಬೇಕು. ಅಲ್ಲಿಗೆ ಹೋದವರಿಗೆ ನಿಜವಾಗಿ ಏನು ಸಿಕ್ಕಿತು, ಅಲ್ಲಿ ಏನನ್ನು ಕೇಳಬೇಕು, ಯಾವುದನ್ನು ನಿರೀಕ್ಷಿಸಬಾರದು ಎಂಬುದನ್ನು ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ನಿವೃತ್ತ ಗುಮಾಸ್ತ, ವಿಜಯಪುರ

ನಾನು ಒಂದು ಸರಕಾರಿ ಇಲಾಖೆಯ ಸಿಬ್ಬಂದಿ ಶಾಖೆಯಲ್ಲಿ ಸೇವೆ ಸಲ್ಲಿಸಿ ನಿವೃತ್ತನಾದವನು. ವಿನಿಮಯ ಕೇಂದ್ರಕ್ಕೆ ಪತ್ರ ಬರೆದು ಹೆಸರುಗಳ ಪಟ್ಟಿ ತರಿಸಿಕೊಳ್ಳುತ್ತಿದ್ದ ಕಾಲವನ್ನೂ ಆ ಪದ್ಧತಿ ಸವೆದುಹೋದ ಕಾಲವನ್ನೂ ಕಂಡಿದ್ದೇನೆ. ನಿಮ್ಮ ತಂದೆಯವರ ಮಾತು ಆಧಾರವಿಲ್ಲದ್ದಲ್ಲ, ಆದರೆ ಅದರ ಆಧಾರ ಈಗ ಉಳಿದಿಲ್ಲ.

ಈ ಕೇಂದ್ರಗಳು ಹುಟ್ಟಿದ್ದು ಎರಡನೆಯ ಮಹಾಯುದ್ಧ ಮುಗಿದಾಗ, 1945ರಲ್ಲಿ, ಸೈನ್ಯದಿಂದ ಬಿಡುಗಡೆಯಾದವರಿಗೆ ಕೆಲಸ ಹುಡುಕಿಕೊಡಲು. ಅವುಗಳ ದಿನನಿತ್ಯದ ಆಡಳಿತ ರಾಜ್ಯಗಳ ಕೈಗೆ ಬಂದದ್ದು 1956ರ ನವೆಂಬರ್ 1ರಂದು; ಮುಂಬಯಿ ರಾಜ್ಯದಲ್ಲಿದ್ದ ನಮ್ಮ ಭಾಗ ಕನ್ನಡ ನಾಡಿಗೆ ಸೇರಿದ ದಿನವೂ ಅದೇ. 1959ರ ಕಾಯ್ದೆಯ ಪ್ರಕಾರ ಸರಕಾರಿ ಕಚೇರಿಗಳು ಮತ್ತು 25 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಖಾಸಗಿ ಸಂಸ್ಥೆಗಳು ತಮ್ಮಲ್ಲಿ ಖಾಲಿಯಾದ ಹುದ್ದೆಗಳನ್ನು ಕೇಂದ್ರಕ್ಕೆ ತಿಳಿಸಬೇಕಿತ್ತು. ತಿಳಿಸಬೇಕಿತ್ತು ಎಂಬುದನ್ನು ಗಮನಿಸಿ: ಕೇಂದ್ರ ಕಳುಹಿಸಿದವರನ್ನೇ ತೆಗೆದುಕೊಳ್ಳಬೇಕೆಂಬ ಕಟ್ಟಳೆ ಆ ಕಾಯ್ದೆಯಲ್ಲಿ ಎಂದೂ ಇರಲಿಲ್ಲ. ತಿಳಿಸದವರಿಗೆ ಮೊದಲ ಸಲದ ದಂಡ ಹೆಚ್ಚೆಂದರೆ 500 ರೂಪಾಯಿ. ಇಷ್ಟು ಸಣ್ಣ ದಂಡಕ್ಕೆ ಯಾವ ಮಾಲೀಕ ಹೆದರಿಯಾನು?

ಸರಕಾರಿ ಕಚೇರಿಗಳು ಮಾತ್ರ ಬಹುಕಾಲ ನೋಂದಣಿಯ ಹಿರಿತನ ನೋಡಿ ಕರೆಪತ್ರ ಕಳುಹಿಸುತ್ತಿದ್ದವು. ಕೇಂದ್ರದಿಂದ ಹೆಸರು ತರಿಸಿಕೊಂಡರಷ್ಟೇ ಸಾಲದು, ಪತ್ರಿಕೆಗಳಲ್ಲೂ ಪ್ರಕಟಿಸಿ ಅರ್ಜಿ ಹಾಕಿದ ಎಲ್ಲರನ್ನೂ ಪರಿಗಣಿಸಬೇಕು ಎಂದು 1996ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದ ಮೇಲೆ ಆ ಹಿರಿತನದ ಬಲ ಕುಂದಿತು. ನಮ್ಮ ರಾಜ್ಯದ್ದೇ ಆದ ಉಮಾದೇವಿ ಪ್ರಕರಣದಲ್ಲಿ 2006ರ ಏಪ್ರಿಲ್‌ನಲ್ಲಿ ಬಂದ ತೀರ್ಪು, ಮುಕ್ತ ಸ್ಪರ್ಧೆಯಿಲ್ಲದೆ ದಿನಗೂಲಿಯಾಗಿ ಸೇರಿದವರು ಖಾಯಂ ಆಗುವ ದಾರಿಯನ್ನೂ ಬಹುಮಟ್ಟಿಗೆ ಮುಚ್ಚಿತು. ಇಂದು ಗುಮಾಸ್ತನ ಹುದ್ದೆಗೂ ಲೋಕಸೇವಾ ಆಯೋಗದ ಅಥವಾ ಪರೀಕ್ಷಾ ಪ್ರಾಧಿಕಾರದ ಪರೀಕ್ಷೆ ಬರೆಯಲೇಬೇಕು, ಅಲ್ಲಿ ನಿಮ್ಮ ಕಾರ್ಡಿನ ತಾರೀಖನ್ನು ಯಾರೂ ಕೇಳುವುದಿಲ್ಲ.

ಈಗ ಕಾಯ್ದೆಯೂ ಬದಲಾಗಿದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ 1959ರ ಕಾಯ್ದೆಯ ಸ್ಥಾನದಲ್ಲಿ ನಿಂತಿದೆ. ಅದರಲ್ಲಿ ಈ ಕೇಂದ್ರಗಳ ಹೆಸರು ಕರಿಯರ್ ಸೆಂಟರ್. ಹುದ್ದೆಗಳನ್ನು ವರದಿ ಮಾಡಬೇಕಾದ ಸಂಸ್ಥೆಗಳ ಮಿತಿ 25ರಿಂದ 20 ಜನಕ್ಕೆ ಇಳಿದಿದೆ. ಹಾಗಿದ್ದೂ ಕೇಂದ್ರದ ಮೂಲಕವೇ ನೇಮಿಸಿಕೊಳ್ಳುವ ಬಾಧ್ಯತೆ ಅಲ್ಲಿಯೂ ಇಲ್ಲ.

ಹೀಗಾಗಿ ಹಿರಿತನ ಉಳಿಸಿಕೊಳ್ಳುವ ಆಸೆಯಿಂದ ಹೋಗಬೇಡಿ. ಆದರೆ ಒಂದು ಕಾರಣಕ್ಕೆ ಹೋಗುವುದು ಒಳ್ಳೆಯದು. ನೀವು ನೋಂದಾಯಿಸಿದ್ದು ಅನುಭವವಿಲ್ಲದ ಹೊಸ ಪದವೀಧರನಾಗಿ. ಎರಡು ವರ್ಷ ಲೆಕ್ಕ ಬರೆದ ಸಂಗತಿ ನಿಮ್ಮ ದಾಖಲೆಯಲ್ಲಿ ಇರಲಾರದು. ಪ್ರತಿಯೊಬ್ಬರ ಹೆಸರಿನ ಜೊತೆಗೆ ರಾಷ್ಟ್ರೀಯ ವೃತ್ತಿ ವರ್ಗೀಕರಣದ ಒಂದು ಸಂಖ್ಯೆ ಇರುತ್ತದೆ. ಲೆಕ್ಕಪತ್ರ ಗುಮಾಸ್ತರದ್ದು 4311ರಿಂದ ಆರಂಭವಾಗುತ್ತದೆ. ಯಾವುದಾದರೂ ಸಂಸ್ಥೆ ಅಂಥವರು ಬೇಕೆಂದು ಕೇಳಿದಾಗ ಹುಡುಕುವುದು ಆ ಸಂಖ್ಯೆಯ ಮೇಲೆ. ಅದನ್ನು ಸೇರಿಸಿಸಿ.

ಇಳಕಲ್ಲ ಸೆರಗು

ಹಿರಿಯರು ಕಾನೂನಿನ ಮಾತು ಹೇಳಿದ್ದಾರೆ, ನಾನು ಕಂಡದ್ದನ್ನು ಹೇಳುತ್ತೇನೆ. ನಾನು ಬಿ.ಎಸ್ಸಿ. ಮುಗಿಸಿದ್ದು 2023ರಲ್ಲಿ. ನೋಂದಣಿಗೆಂದು ಹೋದಾಗ ಕೇಂದ್ರದಲ್ಲಿ ವೃತ್ತಿ ಮಾರ್ಗದರ್ಶನ ನೀಡುವ ಅಧಿಕಾರಿಯೊಬ್ಬರು ನನ್ನ ಬಯೋಡೇಟಾ ಕೈಗೆತ್ತಿಕೊಂಡು, ಅದರಲ್ಲಿ ನಾನು ಬರೆದಿದ್ದ "ಕಂಪ್ಯೂಟರ್ ಜ್ಞಾನವಿದೆ" ಎಂಬ ಸಾಲಿನ ಮೇಲೆ ಬೆರಳಿಟ್ಟು, "ಏನು ಜ್ಞಾನ, ತಂಗಿ? ಎಕ್ಸೆಲ್‌ನಲ್ಲಿ ಏನೇನು ಮಾಡಲು ಬರುತ್ತದೆ, ಅದನ್ನು ಬರೆಯಿರಿ" ಎಂದರು. ತಂದೆಯ ಉದ್ಯೋಗ, ಧರ್ಮ, ಹವ್ಯಾಸ, ಕೊನೆಗೊಂದು ಪ್ರಮಾಣ ವಚನ, ಎಲ್ಲವನ್ನೂ ಪೆನ್ಸಿಲಿನಿಂದ ಹೊಡೆದುಹಾಕಿದರು. ಮೂರು ಪುಟದ್ದು ಒಂದು ಪುಟಕ್ಕೆ ಇಳಿಯಿತು. ಕಾಲೇಜಿನ ಮೂರು ವರ್ಷಗಳಲ್ಲಿ ಈ ಕೆಲಸವನ್ನು ನಮಗೆ ಯಾರೂ ಮಾಡಿಕೊಟ್ಟಿರಲಿಲ್ಲ. ಇದಕ್ಕೆ ಶುಲ್ಕವೂ ಇಲ್ಲ.

ಉದ್ಯೋಗ ಮೇಳದ ಅನುಭವ ಮಾತ್ರ ಮಿಶ್ರವಾದದ್ದು. ಮೇಜುಗಳ ಮುಂದೆ ನೂಕುನುಗ್ಗಲು. ಒಂದು ಸಂಸ್ಥೆಯವರು ನನ್ನನ್ನು ಐದು ನಿಮಿಷದಲ್ಲಿ "ಆಯ್ಕೆ" ಮಾಡಿ ಪತ್ರವನ್ನೂ ಕೊಟ್ಟರು. ಮನೆಗೆ ಬಂದು ಓದಿದರೆ ಅದು ವಿಮೆ ಪಾಲಿಸಿ ಮಾರುವ ಕೆಲಸ; ಪಗಾರವೆಂಬುದು ಇಲ್ಲ, ಮಾರಿದಷ್ಟಕ್ಕೆ ಕಮಿಷನ್. ಮೇಳಕ್ಕೆ ಹೋಗುವವರು ಪ್ರತಿಯೊಂದು ಮೇಜಿನಲ್ಲೂ ಮೊದಲಿಗೇ ಕೇಳಬೇಕಾದದ್ದು ಇಷ್ಟು: ನಿಗದಿತ ಸಂಬಳವಿದೆಯೇ, ಭವಿಷ್ಯ ನಿಧಿ ಕಡಿತವಾಗುತ್ತದೆಯೇ, ನೇಮಕ ಮಾಡುವವರು ನೀವೋ ಗುತ್ತಿಗೆದಾರನೋ, ಕೆಲಸ ಯಾವ ಊರಿನಲ್ಲಿ. ಬೆಂಗಳೂರಿನ ಕೆಲಸವಾದರೆ ಹೇಳಿದ ಸಂಬಳದಿಂದ ಪಿ.ಜಿ. ಬಾಡಿಗೆ ಮತ್ತು ಊಟವನ್ನು ಕಳೆದು ನೋಡಬೇಕು. ನಮ್ಮ ಜೊತೆ ಹೋಗಿದ್ದವರಲ್ಲಿ ಕೆಲವರು ಹಾಗೆ ಕಳೆದು ನೋಡದೆ ಹೋಗಿ, ದೀಪಾವಳಿಗೆ ಊರಿಗೆ ಬಂದವರು ತಿರುಗಿ ಹೋಗಲಿಲ್ಲ.

ನನಗೆ ಉಪಯೋಗಕ್ಕೆ ಬಂದದ್ದು ಅದೇ ಅಧಿಕಾರಿ ತಿಳಿಸಿದ ಅಪ್ರೆಂಟಿಸ್ ತರಬೇತಿ. 1961ರ ಕಾಯ್ದೆಯ ಪ್ರಕಾರ 30ಕ್ಕಿಂತ ಕಡಿಮೆ ಇಲ್ಲದಷ್ಟು ನೌಕರರಿರುವ ಸಂಸ್ಥೆಗಳು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯವೆಂಬುದೇ ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಒಂದು ಕಾರ್ಖಾನೆಯ ಪ್ರಯೋಗಾಲಯದಲ್ಲಿ ತಿಂಗಳಿಗೆ 9,000 ರೂಪಾಯಿ ಭತ್ಯೆಯ ಮೇಲೆ ಒಂದು ವರ್ಷ ಕಲಿತೆ. ಆ ಭತ್ಯೆ ಬರಲಾರಂಭಿಸಿದರೆ ಯುವನಿಧಿಯ 3,000 ರೂಪಾಯಿ ನಿಲ್ಲುತ್ತದೆ, ಎರಡನ್ನೂ ಒಟ್ಟಿಗೆ ಪಡೆಯಲು ನಿಯಮ ಬಿಡುವುದಿಲ್ಲ. ನನಗೆ ಅದು ನಷ್ಟವೆಂದು ಅನಿಸಲಿಲ್ಲ. ಆದರೆ ಅಣ್ಣಾ, ಪದವಿಯ ನಂತರ ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಅನುಭವವಿರುವವರಿಗೆ ಪದವೀಧರ ಅಪ್ರೆಂಟಿಸ್ ಅವಕಾಶ ಸಿಗುವುದಿಲ್ಲ. ಆದ್ದರಿಂದ ಈ ದಾರಿ ನಿಮಗಲ್ಲ. ನಿಮ್ಮ ಊರಿನಲ್ಲಿ ಈ ವರ್ಷ ಪದವಿ ಮುಗಿಸುತ್ತಿರುವವರಿಗೆ ತಿಳಿಸಿ.

ಗಡಿಯಂಚು, ನಿಪ್ಪಾಣಿ

ನಾನು ಇಷ್ಟು ಆಶಾವಾದಿಯಲ್ಲ. ಕೇಂದ್ರ ಸರಕಾರ 2015ರ ಜುಲೈನಲ್ಲಿ ಆರಂಭಿಸಿದ ನ್ಯಾಷನಲ್ ಕರಿಯರ್ ಸರ್ವಿಸ್ ಜಾಲತಾಣದಲ್ಲಿ ನಾನೂ ಹೆಸರು ಹಚ್ಚಿದ್ದೇನೆ. ಅಲ್ಲಿ ನನ್ನ ವಿವರ ನೋಡಿದೆನೆಂದು ಹೇಳಿಕೊಂಡು ಕರೆ ಮಾಡಿದ ಒಬ್ಬ ಏಜೆಂಟ್, ಸಮವಸ್ತ್ರಕ್ಕೂ ಗುರುತಿನ ಚೀಟಿಗೂ ಮುಂಗಡ ಹಣ ಕಳುಹಿಸಲು ಹೇಳಿದ. ಸರಕಾರಿ ತಾಣದಲ್ಲಿ ಹೆಸರಿದೆ ಎಂದಮಾತ್ರಕ್ಕೆ ಫೋನಿನ ಆಚೆ ಬದಿಯವನು ಸರಕಾರದವನಾಗುವುದಿಲ್ಲ. ಆ ತಾಣದ ಸೇವೆ ಉಚಿತ. ಹಣ ಕೇಳಿದರೆ ಕರೆ ಕತ್ತರಿಸಿ, ಸಂಶಯವಿದ್ದರೆ ಅವರ 1514 ಸಂಖ್ಯೆಗೆ ಕರೆ ಮಾಡಿ ವಿಚಾರಿಸಿ.

ಇನ್ನೊಂದು ಮಾತು. ನಮ್ಮ ಕಡೆಯ ಹುಡುಗರಿಗೆ ಬೆಂಗಳೂರಿಗಿಂತ ಕೊಲ್ಲಾಪುರ ಹತ್ತಿರ. ಕಾಗಲ್, ಗೋಕುಳ ಶಿರಗಾವಿಯ ಕಾರ್ಖಾನೆಗಳಿಗೆ ಬೆಳಗಾವಿ ಜಿಲ್ಲೆಯಿಂದ ದಿನವೂ ಹೋಗಿ ಬರುವವರಿದ್ದಾರೆ. ನಮ್ಮ ಜಿಲ್ಲಾ ಕೇಂದ್ರದ ಪಟ್ಟಿ ಗಡಿಯಲ್ಲಿ ನಿಂತುಬಿಡುತ್ತದೆ. ಕೇಂದ್ರ ಸರಕಾರದ ತಾಣದಲ್ಲಿ ಹುಡುಕುವಾಗ ಕೊಲ್ಲಾಪುರ, ಸಾಂಗಲಿ ಜಿಲ್ಲೆಗಳನ್ನೂ ಆರಿಸಿಕೊಂಡರೆ ಮಾತ್ರ ಅಲ್ಲಿಯವು ಕಾಣಿಸುತ್ತವೆ. ಮರಾಠಿ ಬಂದರೆ ಅದನ್ನೂ ನಿಮ್ಮ ವಿವರದಲ್ಲಿ ಬರೆಯಿರಿ.

ಉದ್ಯಮಬಾಗ ಲೆಕ್ಕಿಗ

ನಾನು ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯ ಲೆಕ್ಕ ವಿಭಾಗ ನೋಡಿಕೊಳ್ಳುತ್ತೇನೆ, ಆ ವಿಭಾಗಕ್ಕೆ ಜನರನ್ನು ತೆಗೆದುಕೊಳ್ಳುವುದೂ ನನ್ನ ಹೊಣೆ. ಆದ್ದರಿಂದ ಮೇಜಿನ ಈಚೆ ಬದಿಯಿಂದ ಒಂದೆರಡು ಮಾತು.

ನಮ್ಮಂಥ ಸಣ್ಣ ಕಾರ್ಖಾನೆಗಳು ಮೊದಲು ವಿಚಾರಿಸುವುದು ಪರಿಚಯದವರನ್ನೇ. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಅಚ್ಚು ತಯಾರಿಸುವ ಮೋಲ್ಡರ್, ಎರಕವನ್ನು ಉಜ್ಜಿ ಹಸನು ಮಾಡುವ ಫೆಟ್ಲಿಂಗ್ ಕೆಲಸದವರು ಅಲ್ಲಿ ದುಡಿಯುತ್ತಿರುವವರ ಮೂಲಕವೇ ಬರುತ್ತಾರೆ. ಸಿ.ಎನ್.ಸಿ. ಆಪರೇಟರ್, ಗುಣಮಟ್ಟ ತಪಾಸಣೆ, ಲೆಕ್ಕಪತ್ರ ಇಂಥ ಹುದ್ದೆಗಳಿಗೆ ಪರಿಚಯದವರಲ್ಲಿ ಯಾರೂ ಸಿಗದಿದ್ದಾಗ ಕೇಂದ್ರಕ್ಕೆ ತಿಳಿಸುತ್ತೇವೆ, ಮೇಳದಲ್ಲಿ ಮೇಜು ಹಾಕುತ್ತೇವೆ. ಅಲ್ಲಿಂದ ಬಂದವರನ್ನು ತೆಗೆದುಕೊಂಡದ್ದೂ ಇದೆ.

ಬಂದವರಲ್ಲಿ ಹೆಚ್ಚಿನವರು ಪ್ರಮಾಣಪತ್ರಗಳ ಫೈಲು ಬಿಚ್ಚುತ್ತಾರೆ. ನಾನು ಅದನ್ನು ಪಕ್ಕಕ್ಕಿಟ್ಟು, ಕೊಲ್ಲಾಪುರದಿಂದ ಕಚ್ಚಾ ಕಬ್ಬಿಣ ತರಿಸಿದ ಒಂದು ಬಿಲ್ಲನ್ನು ಕೊಟ್ಟು ಟ್ಯಾಲಿಯಲ್ಲಿ ಎಂಟ್ರಿ ಮಾಡಲು ಹೇಳುತ್ತೇನೆ. ಮಾಲು ಹೊರ ರಾಜ್ಯದಿಂದ ಬಂದದ್ದರಿಂದ ಅದಕ್ಕೆ ಅಂತರರಾಜ್ಯ ವ್ಯಾಪಾರದ ತೆರಿಗೆಯಾದ ಐ.ಜಿ.ಎಸ್.ಟಿ. ಬೀಳಬೇಕು. ಟ್ಯಾಲಿಯ ಪ್ರಮಾಣಪತ್ರವಿರುವವರು ಕೂಡ ಅಭ್ಯಾಸಬಲದಿಂದ ಅದನ್ನು ರಾಜ್ಯದೊಳಗಿನ ಖರೀದಿಯಂತೆ ಸಿ.ಜಿ.ಎಸ್.ಟಿ., ಎಸ್.ಜಿ.ಎಸ್.ಟಿ. ಎಂದು ಎರಡು ಭಾಗ ಮಾಡಿ ಬರೆದುಬಿಡುತ್ತಾರೆ. ಅದನ್ನು ಸರಿಯಾಗಿ ಬರೆದು, ಮಾಲಿನ ಬೆಲೆ 50,000 ರೂಪಾಯಿ ದಾಟಿದೆ, ಸಾಗಣೆಯ ಇ-ವೇ ಬಿಲ್ ಎಲ್ಲಿದೆ ಎಂದು ತಾನಾಗಿ ಕೇಳಿದವನ ಅಂಕಪಟ್ಟಿಯನ್ನು ನಾನು ತೆರೆದು ನೋಡುವುದೂ ಇಲ್ಲ.

ಪ್ರಶ್ನೆ ಕೇಳಿದ ತಮ್ಮನಿಗೆ ಹೇಳುವುದೆಂದರೆ, ತೆರಿಗೆ ಸಲಹೆಗಾರರ ಬಳಿ ಎರಡು ವರ್ಷ ಇದ್ದವರಿಗೆ ಈ ಕೆಲಸ ಕೈಗೆ ಬಂದಿರುತ್ತದೆ. ಬಿ.ಕಾಂ. ಪದವೀಧರ ಎಂದಷ್ಟೇ ಬರೆಸಿದರೆ ನೀವು ನಮ್ಮಂಥವರ ಕಣ್ಣಿಗೆ ಬೀಳುವುದಿಲ್ಲ. ಎಷ್ಟು ಬಗೆಯ ವ್ಯಾಪಾರಿಗಳ ಜಿ.ಎಸ್.ಟಿ. ರಿಟರ್ನ್ ತುಂಬಿದ್ದೀರಿ, ಬ್ಯಾಂಕ್ ತಾಳೆ ಮಾಡಿದ್ದೀರೋ ಇಲ್ಲವೋ, ಟಿ.ಡಿ.ಎಸ್. ನೋಡಿದ್ದೀರೋ ಇಲ್ಲವೋ, ಇವುಗಳನ್ನು ಒಂದೊಂದೇ ಸಾಲಿನಲ್ಲಿ ಬರೆಸಿ. ಕೇಂದ್ರದ ಸಿಬ್ಬಂದಿಯನ್ನು "ಕೆಲಸವಿದೆಯೇ" ಎಂದು ಕೇಳುವುದಕ್ಕಿಂತ, ಲೆಕ್ಕಪತ್ರದವರು ಬೇಕೆಂದು ಇತ್ತೀಚೆಗೆ ಯಾವ ಸಂಸ್ಥೆಗಳು ತಿಳಿಸಿವೆ, ಮುಂದಿನ ಮೇಳಕ್ಕೆ ಯಾರು ಬರಲಿದ್ದಾರೆ ಎಂದು ಕೇಳಿ.

ಕೃಷ್ಣಾತೀರ

ಎಲ್ಲರಿಗೂ ಕೃತಜ್ಞತೆಗಳು. ಮುಂದಿನ ವಾರ ಹೋಗಬೇಕೆಂದಿದ್ದೇನೆ. ಹಿರಿಯರಲ್ಲಿ ಒಂದು ಸಂದೇಹ: ನನ್ನ ಹಳೆಯ ಕಚೇರಿ ಮುಚ್ಚಿಹೋಗಿದೆ, ಭವಿಷ್ಯ ನಿಧಿ ಇರಲಿಲ್ಲ, ಪಗಾರವನ್ನು ಕೆಲವು ತಿಂಗಳು ಕೈಯಲ್ಲಿ, ಕೆಲವು ತಿಂಗಳು ಬ್ಯಾಂಕಿಗೆ ಕೊಡುತ್ತಿದ್ದರು. ಅನುಭವ ಸೇರಿಸಲು ಏನನ್ನು ತೋರಿಸಲಿ?

ನಿವೃತ್ತ ಗುಮಾಸ್ತ, ವಿಜಯಪುರ

ಅವರು ಪುಣೆಯಲ್ಲಿದ್ದರೂ ಫೋನಿಗೆ ಸಿಗುತ್ತಾರಲ್ಲವೇ? ತಮ್ಮ ಹಳೆಯ ಲೆಟರ್‌ಹೆಡ್ ಮೇಲೆ, ನೀವು ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಏನೇನು ಕೆಲಸ ಮಾಡಿದಿರಿ ಎಂಬುದನ್ನು ಬರೆದು, ಸಹಿ ಮತ್ತು ಮೊಹರು ಹಾಕಿ ಅಂಚೆಯಲ್ಲಿ ಕಳುಹಿಸಲು ಕೇಳಿಕೊಳ್ಳಿ. "ನಮ್ಮಲ್ಲಿ ಕೆಲಸ ಮಾಡಿದ್ದಾನೆ, ನಡತೆ ಉತ್ತಮ" ಎಂಬ ಒಂದೇ ಸಾಲಿನ ಪತ್ರವಾದರೆ ಬೇಡವೆನ್ನಿ. ಮೇಲಿನ ಲೆಕ್ಕಿಗರು ಹೇಳಿದ ಕೆಲಸಗಳ ಹೆಸರು ಅದರಲ್ಲಿ ಬರಬೇಕು. ಕರಡನ್ನು ನೀವೇ ಬರೆದು ಕಳುಹಿಸಿದರೆ ಅವರಿಗೂ ಅನುಕೂಲ. ಪಗಾರ ಜಮೆಯಾದ ತಿಂಗಳುಗಳ ಬ್ಯಾಂಕ್ ಪಾಸ್‌ಬುಕ್ಕಿನ ಪುಟಗಳನ್ನು ಅದಕ್ಕೆ ಲಗತ್ತಿಸಿ, ಮೂಲ ಅಂಕಪಟ್ಟಿ ಮತ್ತು ಆಧಾರ್ ಜೊತೆಗಿರಲಿ. ಪತ್ರ ಬರುವವರೆಗೆ ಕಾದು, ಆಮೇಲೆಯೇ ಹೊರಡಿ.