ಹೃದಯದ ರೋಗಿಗಳಲ್ಲಿ ಖಿನ್ನತೆ ಗುರುತಿಸೋಕೆ ನರ್ಸ್‌ಗಳಿಗೆ ಹೇಗೆ ಕಲಿಸೋದು? ಅನುಭವ ಇದ್ದವರು ಹೇಳಿ

ಕೇಳಿದವರು (ಜಿಲ್ಲಾ ಕೇಂದ್ರದ ಆಸ್ಪತ್ರೆಯಲ್ಲಿ ವಾರ್ಡ್ ಇನ್‌ಚಾರ್ಜ್):
ನಮ್ಮ ಹೃದ್ರೋಗ ವಿಭಾಗದ ಸ್ಟಾಫ್ ನರ್ಸ್‌ಗಳಿಗೆ ಈ ವಿಷಯದ ಮೇಲೆ ಅರ್ಧ ದಿನದ ತರಬೇತಿ ಮಾಡಿ ಅಂದಿದ್ದಾರೆ. ಸ್ಲೈಡ್ ಹಾಕಿದರೆ ಅರ್ಧ ಜನ ತೂಕಡಿಸ್ತಾರೆ. ವಾರ್ಡಲ್ಲಿ ಉಸಿರಾಡೋಕೂ ಬಿಡುವಿಲ್ಲ. ನೀವು ಏನು ಮಾಡಿದಿರಿ, ಯಾವುದು ಉಪಯೋಗಕ್ಕೆ ಬಂತು?

ನರ್ಸಿಂಗ್ ಟ್ಯೂಟರ್:
ಮೇಡಂ, ಮೊದಲು ಆ ಲಕ್ಷಣಗಳ ಪಟ್ಟಿ ಬಿಟ್ಟುಬಿಡಿ. ಜಿಎನ್‌ಎಂ ಇರಲಿ, ಬಿಎಸ್ಸಿ ಇರಲಿ, ಎಲ್ಲರೂ ಅದನ್ನು ಓದಿಯೇ ಪಾಸಾಗಿದ್ದಾರೆ. ಸೈಕಿಯಾಟ್ರಿ ಪೋಸ್ಟಿಂಗೂ ಮುಗಿಸಿದ್ದಾರೆ. ಕಷ್ಟ ಇರುವುದು ಮಂಚದ ಪಕ್ಕ ನಿಂತು ಬಾಯಿಬಿಟ್ಟು ಕೇಳುವುದರಲ್ಲಿ. ನಿಮ್ಮ ಅರ್ಧ ದಿನದಲ್ಲಿ ಮುಕ್ಕಾಲು ಪಾಲು ಅದಕ್ಕೇ ಕೊಡಿ.

ನಾನು ಕಲಿಸುವುದು ಪಿಎಚ್‌ಕ್ಯೂ-2, ಅಂದರೆ ಖಿನ್ನತೆ ಇರಬಹುದಾ ಅಂತ ನೋಡುವ ಪ್ರಶ್ನಾವಳಿ. ಎರಡೇ ಪ್ರಶ್ನೆ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2008ರಲ್ಲೇ ಹೃದ್ರೋಗಿಗಳಿಗೆ ಇದನ್ನು ಕೇಳಿ ಅಂತ ಸಲಹೆ ಕೊಟ್ಟಿದೆ. ನಮ್ಮ ರೋಗಿಗಳಿಗೆ ಹೊಂದುವ ಹಾಗೆ ಹೀಗೆ ಕೇಳಿಸ್ತೀನಿ: "ಈ ಎರಡು ವಾರದಲ್ಲಿ ಯಾವ ಕೆಲಸದಲ್ಲೂ ಆಸಕ್ತಿ ಇಲ್ಲ, ಯಾವುದೂ ಖುಷಿ ಕೊಡ್ತಿಲ್ಲ ಅನ್ನಿಸಿದೆಯಾ?" ಆಮೇಲೆ, "ಮನಸ್ಸು ಕುಗ್ಗಿದೆ, ಇನ್ನೇನು ಉಳಿದಿಲ್ಲ ಅನ್ನಿಸಿದೆಯಾ?" ಇಲ್ಲವೇ ಇಲ್ಲ ಅಂದರೆ 0, ಕೆಲವು ದಿನ ಅಂದರೆ 1, ಅರ್ಧಕ್ಕಿಂತ ಜಾಸ್ತಿ ದಿನ ಅಂದರೆ 2, ಹೆಚ್ಚುಕಮ್ಮಿ ದಿನಾ ಅಂದರೆ 3. ಎರಡೂ ಕೂಡಿಸಿ 3 ಅಥವಾ ಜಾಸ್ತಿ ಬಂದರೆ ಒಂಬತ್ತು ಪ್ರಶ್ನೆಯ ಪಿಎಚ್‌ಕ್ಯೂ-9 ಕೇಳಬೇಕು. ಅದರಲ್ಲಿ 10 ಅಥವಾ ಜಾಸ್ತಿ ಬಂದರೆ ವೈದ್ಯರ ಗಮನಕ್ಕೆ ತರಬೇಕು.

ಹೃದಯದ ವಾರ್ಡಲ್ಲಿ ಇನ್ನೊಂದು ತೊಡಕಿದೆ. ಸುಸ್ತು, ನಿದ್ದೆ ಇಲ್ಲ, ಊಟ ಸೇರಲ್ಲ ಅನ್ನೋದು ಹಾರ್ಟ್ ಫೇಲ್ಯೂರ್‌ನಲ್ಲೂ ಇರುತ್ತೆ, ಖಿನ್ನತೆಯಲ್ಲೂ ಇರುತ್ತೆ. ಹೃದಯದ ಬಡಿತ ನಿಧಾನ ಮಾಡುವ ಬೀಟಾ ಬ್ಲಾಕರ್ ಮಾತ್ರೆ ತಗೊಳ್ಳುವವರಿಗೂ ಸುಸ್ತಾಗುತ್ತೆ. ಹಾಗಾಗಿ ಮೈಯ ಲಕ್ಷಣ ನೋಡಿಯೇ ತೀರ್ಮಾನ ಮಾಡೋಕಾಗಲ್ಲ. ಮೊಮ್ಮಗು ಬಂದರೂ ಗೋಡೆ ಕಡೆ ತಿರುಗಿ ಮಲಗುವುದು, ಡಿಸ್ಚಾರ್ಜ್ ಅಂದರೂ ಮುಖದಲ್ಲಿ ಏನೂ ಕಾಣದಿರುವುದು, "ನನಗ್ಯಾಕೆ ಬಿಡಿ ಸಿಸ್ಟರ್, ಮಾತ್ರೆ ದಂಡ" ಅನ್ನುವುದು: ಇಂಥವನ್ನು ಗಮನಿಸೋಕೆ ಹೇಳಿ.

ಅಭ್ಯಾಸ ಮಾಡಿಸೋದು ಹೀಗೆ. ಇಬ್ಬಿಬ್ಬರನ್ನು ಎದುರುಬದುರು ಕೂರಿಸ್ತೀನಿ. ಒಬ್ಬರು ರೋಗಿ, ಒಬ್ಬರು ನರ್ಸ್. ಶುರುವಿನಲ್ಲಿ ಎಲ್ಲರೂ ಒಂದೇ ಥರ: ಕಣ್ಣು ಕೇಸ್ ಶೀಟ್ ಮೇಲೆ, ಪೆನ್ನು ಕೈಯಲ್ಲಿ, "ಬೇಜಾರೇನೂ ಇಲ್ಲ ಅಲ್ವಾ?" ಅಂತ ಪ್ರಶ್ನೆ. ಹಾಗೆ ಕೇಳಿದರೆ ಯಾರು ತಾನೇ ಇದೆ ಅಂತಾರೆ? ಆಗ ಪೆನ್ನು ಕಿತ್ತುಕೊಂಡು ಮತ್ತೆ ಕೇಳಿಸ್ತೀನಿ. ಪ್ರಶ್ನೆ ಕೇಳಿ ಸುಮ್ನೆ ಕಾಯಬೇಕು. ಆ ನಾಲ್ಕೈದು ಸೆಕೆಂಡ್ ಕಾಯೋದು ಎಷ್ಟು ಕಷ್ಟ ಅಂತ ಅಲ್ಲೇ ಗೊತ್ತಾಗುತ್ತೆ. ನಗ್ತಾರೆ, ಪರವಾಗಿಲ್ಲ.

ಸ್ಟೆಪ್‌ಡೌನ್ ವಾರ್ಡಿನ (ಐಸಿಯುನಿಂದ ಹೊರಬಂದವರ ವಾರ್ಡ್) ಬ್ರದರ್, ಅಂದರೆ ಪುರುಷ ನರ್ಸ್:
ಟ್ಯೂಟರ್ ಮೇಡಂ ಹೇಳಿದ್ದು ಸರಿ, ಆದರೆ ಯಾವಾಗ ಕೇಳಬೇಕು ಅನ್ನೋದನ್ನೂ ಕಲಿಸಿ. ಮನೆಯವರು ಪಕ್ಕದಲ್ಲಿದ್ದರೆ ರೋಗಿ ಬಾಯೇ ಬಿಡಲ್ಲ. ಮಗನೇ ಮುಂದೆ ಬಂದು "ಏನಿಲ್ಲ ಬ್ರದರ್, ಅಪ್ಪ ಆರಾಮಾಗಿದ್ದಾರೆ" ಅಂತಾರೆ. ಮನೆಯವರು ಮೆಡಿಕಲ್ ಶಾಪಿಗೆ ಹೋದಾಗ, ಇಲ್ಲವೇ ಸಂಜೆ ಬಿಪಿ ನೋಡುವಾಗ ನಾನು ಕೇಳೋದು. ರೌಂಡ್ಸ್ ಹೊತ್ತಲ್ಲಿ ಕೇಳಿದರೆ ದಂಡ.

ಅಟ್ಯಾಕ್ ಆದ ಮಾರನೇ ದಿನವೇ ಕೇಳಿ ಅಷ್ಟಕ್ಕೇ ಮುಗಿಸಬೇಡಿ. ಆಗ ಎಲ್ಲರಿಗೂ ಹೆದರಿಕೆ ಇದ್ದೇ ಇರುತ್ತೆ. ಡಿಸ್ಚಾರ್ಜ್ ದಿನ ಒಮ್ಮೆ, ಮೊದಲ ಫಾಲೋ ಅಪ್‌ಗೆ ಬಂದಾಗ ಇನ್ನೊಮ್ಮೆ ಕೇಳಿ. ಮನೆಗೆ ಹೋದ ಮೇಲೆ ಕುಗ್ಗುವವರು ಜಾಸ್ತಿ ಅಂತ ನನಗೆ ಅನ್ನಿಸಿದೆ.

ರೋಗಿಯೊಬ್ಬರ ಮಗಳು:
ನಾನು ನರ್ಸ್ ಅಲ್ಲ, ಆದರೂ ಹೇಳ್ತೀನಿ. ಅಪ್ಪನಿಗೆ ಸ್ಟೆಂಟ್ ಹಾಕಿಸಿಕೊಂಡು ಬಂದ ಮೇಲೆ ಅಂಗಡಿ ಕಡೆ ತಲೆ ಹಾಕಲಿಲ್ಲ. ಪೇಪರ್ ಬಿಡಿಸಲಿಲ್ಲ. ವಯಸ್ಸಾಯ್ತಲ್ಲ ಅಂದುಕೊಂಡು ನಾವೂ ಸುಮ್ಮನಿದ್ದೆವು. ಫಾಲೋ ಅಪ್‌ಗೆ ಹೋದಾಗ ಇಸಿಜಿ ತೆಗೆಯುತ್ತಿದ್ದ ಸಿಸ್ಟರ್ "ಯಜಮಾನ್ರೇ, ಅಂಗಡಿಗೆ ಹೋಗ್ತಿದ್ದೀರಾ?" ಅಂದರು ಅಷ್ಟೇ. ಅಪ್ಪ ಎದೆಗೆ ಅಂಟಿಸಿದ ವೈರ್ ಸಮೇತ ಅತ್ತುಬಿಟ್ಟರು. ಮಾತ್ರೆಯನ್ನೂ ಸರಿಯಾಗಿ ತಗೊಳ್ತಿರಲಿಲ್ಲ ಅನ್ನೋದು ಆಗಲೇ ಹೊರಗೆ ಬಂತು. ಕೇಳೋಕೆ ದೊಡ್ಡ ಮಾತೇನೂ ಬೇಕಿಲ್ಲ ಅಂತ ನಿಮ್ಮ ನರ್ಸ್‌ಗಳಿಗೆ ಹೇಳಿ.

ಸೈಕಿಯಾಟ್ರಿ ವಿಭಾಗದ ವೈದ್ಯ:
ಎಲ್ಲರೂ ಕೇಳೋದರ ಬಗ್ಗೆ ಹೇಳಿದರು. ರೋಗಿ "ಹೌದು" ಅಂದ ಮೇಲೆ ಏನು ಮಾಡಬೇಕು? ತರಬೇತಿಗಳು ಬಿದ್ದುಹೋಗೋದು ಇಲ್ಲೇ. ಮುಂದಿನ ದಾರಿ ಗೊತ್ತಿಲ್ಲದಿದ್ದರೆ ನರ್ಸ್ ಒಂದೆರಡು ಸಲ ಕೇಳಿ ಬಿಟ್ಟುಬಿಡ್ತಾರೆ. ಅದು ಅವರ ತಪ್ಪಲ್ಲ. ತರಬೇತಿ ದಿನ ಗೊತ್ತುಮಾಡೋಕೆ ಮುಂಚೆ ನಿಮ್ಮ ಕಾರ್ಡಿಯಾಲಜಿಸ್ಟ್, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಇಬ್ಬರ ಹತ್ತಿರವೂ ಕೂತು ಮಾತಾಡಿ. ಯಾರಿಗೆ ಫೋನ್ ಮಾಡಬೇಕು, ಯಾವ ದಿನ ಒಪಿಡಿ, ಎಲ್ಲ ಒಂದು ಹಾಳೆಯಲ್ಲಿ ಬರೆದು ನರ್ಸಿಂಗ್ ಸ್ಟೇಷನ್ ಗೋಡೆಗೆ ಅಂಟಿಸಿ. ತಾಲ್ಲೂಕಿನಿಂದ ಬಂದವರಾದರೆ ಅಲ್ಲಿನ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ (ಮಾನಸಿಕ ಆರೋಗ್ಯದ ಒಪಿಡಿ) ನಡೀತಿದೆಯಾ ವಿಚಾರಿಸಿಕೊಳ್ಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಕನ್ನಡದಲ್ಲೂ ಸಿಗುತ್ತೆ, ಹಗಲೂ ರಾತ್ರಿ.

ಪಿಎಚ್‌ಕ್ಯೂ-9ರ ಕೊನೆಯ ಪ್ರಶ್ನೆ ಸಾಯುವ ಯೋಚನೆ ಬಗ್ಗೆ. ನರ್ಸ್‌ಗಳು ಹೆದರೋದು ಇದಕ್ಕೇ, ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗಾಗುತ್ತೆ ಅಂತ. ಹಾಗೇನೂ ಆಗಲ್ಲ. ಹೌದು ಅಂದರೆ ರೋಗಿಯನ್ನು ಒಬ್ಬರನ್ನೇ ಬಿಡದೆ ಡ್ಯೂಟಿ ಡಾಕ್ಟರಿಗೆ ಕೂಡಲೇ ಹೇಳಬೇಕು.

"ಇದರಿಂದ ಸಾವು ಕಮ್ಮಿ ಆಗುತ್ತಾ?" ಅಂತ ಯಾರಾದರೂ ಕೇಳೇ ಕೇಳ್ತಾರೆ. ಉತ್ಪ್ರೇಕ್ಷೆ ಬೇಡ. ಹಾರ್ಟ್ ಅಟ್ಯಾಕ್ ಆದವರಲ್ಲಿ ಖಿನ್ನತೆ ಇದ್ದರೆ ಆರು ತಿಂಗಳಲ್ಲಿ ತೀರಿಕೊಳ್ಳುವ ಅಪಾಯ ಜಾಸ್ತಿ ಅಂತ 1993ರಲ್ಲೇ ಮಾಂಟ್ರಿಯಲ್‌ನ ಅಧ್ಯಯನ ತೋರಿಸಿತ್ತು. ಆದರೆ 2003ರಲ್ಲಿ ಬಂದ ಎನ್‌ರಿಚ್ಡ್ ಅಧ್ಯಯನದಲ್ಲಿ, ಸುಮಾರು 2,500 ರೋಗಿಗಳಲ್ಲಿ, ಚಿಕಿತ್ಸೆಯಿಂದ ಖಿನ್ನತೆ ಕಮ್ಮಿ ಆಯ್ತು, ಸಾವು ಕಮ್ಮಿ ಆಗಲಿಲ್ಲ. ಮನಸ್ಸಿನ ನೋವು ಕಮ್ಮಿ ಆಗೋದೂ ಚಿಕಿತ್ಸೆಯೇ ಅಲ್ವಾ? ಅಷ್ಟನ್ನೇ ಹೇಳಿ. ಔಷಧಿ ಮಾತು ಬಂದರೆ, ಖಿನ್ನತೆಯ ಹಳೇ ಟ್ರೈಸೈಕ್ಲಿಕ್ ಮಾತ್ರೆಗಳನ್ನು ಹೃದ್ರೋಗಿಗಳಿಗೆ ಸಾಮಾನ್ಯವಾಗಿ ಕೊಡಲ್ಲ. ಸರ್ಟ್ರಾಲಿನ್‌ನಂಥ ಖಿನ್ನತೆಯ ಮಾತ್ರೆಗಳನ್ನು ನೋಡಿಕೊಂಡು ಕೊಡ್ತೇವೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಜೊತೆ ಅದನ್ನು ಕೊಟ್ಟಾಗ ರಕ್ತಸ್ರಾವದ ಕಡೆ ಗಮನ ಇರಬೇಕು. ಇದು ನರ್ಸ್‌ಗಳಿಗೂ ಗೊತ್ತಿರಲಿ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಬರೆದಿಡೋದು ಎಲ್ಲಿ? ಹೊಸ ರಿಜಿಸ್ಟರ್ ಅಂದರೆ ಹುಡುಗಿಯರು ನನ್ನ ಮೇಲೇ ಬೀಳ್ತಾರೆ.

ನರ್ಸಿಂಗ್ ಟ್ಯೂಟರ್:
ರಿಜಿಸ್ಟರ್ ಬೇಡವೇ ಬೇಡ ಮೇಡಂ, ಅದು ಇನ್‌ಸ್ಪೆಕ್ಷನ್ ಹಿಂದಿನ ರಾತ್ರಿ ಕೂತು ತುಂಬುವ ಪುಸ್ತಕ ಆಗುತ್ತೆ. ಡಿಸ್ಚಾರ್ಜ್ ಚೆಕ್‌ಲಿಸ್ಟಲ್ಲಿ ಒಂದು ಸಾಲು ಸೇರಿಸಿ, ಅಂಕ ಬರೆಯೋಕೆ ಒಂದು ಖಾನೆ. ಫಾಲೋ ಅಪ್ ಚೀಟಿಯಲ್ಲೂ ಅದೇ ಖಾನೆ ಇರಲಿ. ಪಿಎಚ್‌ಕ್ಯೂ ಬಳಸೋಕೆ ದುಡ್ಡು ಕೊಡಬೇಕಿಲ್ಲ, ಅನುಮತಿಯೂ ಬೇಕಿಲ್ಲ. ನಾವು ಬಳಸುವ ಕನ್ನಡದ ಹಾಳೆ ಕಳಿಸ್ತೀನಿ. ತರಬೇತಿಗೆ ಮುಂಚೆ ನಿಮ್ಮ ಕಡೆಯ ಒಬ್ಬಿಬ್ಬರು ಹಿರಿಯ ರೋಗಿಗಳಿಗೆ ಓದಿ ಹೇಳಿ ನೋಡಿ. ಅವರು "ಏನಂದ್ರಿ?" ಅಂದ ಕಡೆಯೆಲ್ಲ ಗುರುತು ಹಾಕಿ ವಾಪಸ್ ಕಳಿಸಿ.