ಎರಡು ಪಾಳಿಗಳ ನಡುವೆ ಹೊಂದಾಣಿಕೆ ತರುವುದು ಹೇಗೆ?

ಪ್ರಶ್ನೆ (ಮಾಲೀಕರು, ಪೀಣ್ಯ)
ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಸಣ್ಣ ಮಷಿನ್ ಶಾಪ್ ಇದೆ. ಸುಮಾರು ಇಪ್ಪತ್ತೈದು ಮಂದಿ ಎರಡು ಪಾಳಿಗಳಲ್ಲಿ ಸಿಎನ್‌ಸಿ ಟರ್ನಿಂಗ್ (ಕಂಪ್ಯೂಟರ್ ನಿಯಂತ್ರಿತ ಲೇತ್‌ನಲ್ಲಿ ಲೋಹ ಕಡೆಯುವ) ಜಾಬ್ ವರ್ಕ್ ಮಾಡುತ್ತಾರೆ. ಎಲ್ಲರೂ ಶ್ರಮಜೀವಿಗಳೇ, ಆದರೂ ಒಂದು ಪಾಳಿಯವರಿಗೂ ಇನ್ನೊಂದು ಪಾಳಿಯವರಿಗೂ ಆಗಿಬರುವುದಿಲ್ಲ. ಇನ್ಸರ್ಟ್ (ಲೋಹ ಕತ್ತರಿಸುವ ಬಿಲ್ಲೆ) ಸವೆದಂತೆ ಆಫ್‌ಸೆಟ್ (ಅಳತೆ ಸರಿಬರಲು ಮಷಿನ್‌ಗೆ ಕೊಡುವ ತಿದ್ದುಪಡಿ) ಎಷ್ಟು ಬದಲಿಸಿದ್ದೇವೆಂದು ಹಗಲಿನವರು ಹೇಳದೆ ಹೋಗುತ್ತಾರೆ. ರಾತ್ರಿಯವರು ಹೊಸ ಇನ್ಸರ್ಟ್ ಹಾಕಿ ಅದೇ ಆಫ್‌ಸೆಟ್‌ನಲ್ಲಿ ಓಡಿಸುವುದರಿಂದ ಶಾಫ್ಟ್‌ನ ವ್ಯಾಸ ಅಳತೆಗಿಂತ ಕಡಿಮೆಯಾಗಿ ಮಾಲು ರಿಜೆಕ್ಟ್ ಆಗುತ್ತದೆ. ಹೆಚ್ಚು ಪೀಸ್ ತೆಗೆದವರಿಗೆ ತಿಂಗಳಿಗೊಮ್ಮೆ ಪ್ರೋತ್ಸಾಹಧನ ಕೊಡುತ್ತಿದ್ದೇವೆ. ಪ್ರಾಮಾಣಿಕತೆ, ಸಹಕಾರ ಮುಂತಾದ ಮೌಲ್ಯಗಳನ್ನು ಬರೆಸಿ ಗೋಡೆಗೆ ಹಾಕಿ, ಒಂದು ದಿನದ ತರಬೇತಿ ಕೊಡಿಸಬೇಕೆಂದಿದ್ದೇನೆ. ಪ್ರಯೋಜನವಾದೀತೇ?

ಉತ್ತರ 1 (ಗುಣಮಟ್ಟ ವಿಭಾಗ)
ಸರ್, ತರಬೇತಿಗೆ ಮೊದಲು ಪ್ರೋತ್ಸಾಹಧನದ ಲೆಕ್ಕವನ್ನು ನೋಡಿ. ಪೀಸ್ ಎಣಿಸಿ ಒಬ್ಬೊಬ್ಬರಿಗೂ ಬೇರೆ ಬೇರೆ ಹಣ ಕೊಡುವಾಗ, ಪಾಳಿ ಮುಗಿಯುವ ಹೊತ್ತಿಗೆ ಮಷಿನ್ ನಿಲ್ಲಿಸಿ ಮುಂದಿನವರಿಗೆ ವಿವರ ಹೇಳುವವನು ತನ್ನ ಪೀಸುಗಳನ್ನೇ ಕಳೆದುಕೊಳ್ಳುತ್ತಾನೆ. ಸಹಕರಿಸಿದವನಿಗೇ ನಷ್ಟವಾಗುವ ಕಡೆ ಸಹಕಾರ ಬೆಳೆಯುವುದಿಲ್ಲ. ಒಂದು ಮಷಿನ್‌ನ ಎರಡೂ ಪಾಳಿಯವರನ್ನು ಒಂದೇ ತಂಡವೆಂದು ಪರಿಗಣಿಸಿ, ತಪಾಸಣೆಯಲ್ಲಿ ಪಾಸಾದ ಪೀಸುಗಳ ಮೇಲೆ ಮಾತ್ರ ಪ್ರೋತ್ಸಾಹಧನವನ್ನು ಸಮನಾಗಿ ಹಂಚಿ. ಪಾಳಿಗಳು ಕಾಲು ಗಂಟೆ ಒಂದರ ಮೇಲೊಂದು ಬರುವಂತೆ ಮಾಡಿ, ಆ ವೇಳೆಗೂ ಸಂಬಳ ಕೊಡಿ. ಇನ್ಸರ್ಟ್ ಬದಲಿಸಿದ ಸಮಯ, ಈಗಿನ ಆಫ್‌ಸೆಟ್, ಕೊನೆಯ ಪೀಸಿನ ಮೈಕ್ರೋಮೀಟರ್ ಅಳತೆ, ಈ ಮೂರನ್ನು ಮಷಿನ್ ಬಳಿಯ ಪುಸ್ತಕದಲ್ಲಿ ಬರೆದರೆ ಸಾಕು. ಅದಕ್ಕಿಂತ ಉದ್ದದ ಫಾರಂ ಕೊಟ್ಟರೆ ಯಾರೂ ತುಂಬುವುದಿಲ್ಲ.

ಉತ್ತರ 2 (ಸೆಟ್ಟರ್, ಕೆಲಸಕ್ಕೆ ಮಷಿನ್ ಹೊಂದಿಸಿಕೊಡುವವರು)
ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ಪುಸ್ತಕದಲ್ಲಿ ನಿಜ ಬರೆದವನಿಗೆ ಏನಾಗುತ್ತದೆ ಎಂಬುದೇ ಮುಖ್ಯ. ರಿಜೆಕ್ಟ್ ಆದ ಮಾಲಿನ ಹಣವನ್ನು ಸಂಬಳದಲ್ಲಿ ಹಿಡಿಯುವ, ಎಲ್ಲರ ಮುಂದೆ ಬೈಯುವ ಕಡೆ ಕೆಟ್ಟ ಪೀಸನ್ನು ಒಳ್ಳೆಯ ಮಾಲಿನ ಟ್ರೇ ಕೆಳಗೆ ಬಚ್ಚಿಡುವುದನ್ನು ನೋಡಿದ್ದೇನೆ. ಆಮೇಲೆ ಅದು ಗ್ರಾಹಕರ ಬಳಿ ಸಿಕ್ಕಿ ಇಡೀ ಲಾಟ್ ವಾಪಸ್ ಬರುತ್ತದೆ. ತಾನಾಗಿ ಬಂದು ಹೇಳಿದವನಿಗೆ ದಂಡವಿಲ್ಲ ಎಂದು ಮಾಲೀಕರೇ ಎಲ್ಲರೆದುರು ಹೇಳಬೇಕು, ಮತ್ತು ಡಿಸ್ಪ್ಯಾಚ್ ಒತ್ತಡವಿರುವ ದಿನವೂ ಆ ಮಾತಿಗೆ ತಪ್ಪಬಾರದು. ಓವರ್‌ಟೈಮ್‌ಗೆ ಕಾನೂನಿನಂತೆ ಎರಡು ಪಟ್ಟು ಕೂಲಿ ಸರಿಯಾಗಿ ಸಿಗದ ಕಡೆ, ಗೋಡೆಯ ಮೇಲಿನ ‘ಪ್ರಾಮಾಣಿಕತೆ’ಯನ್ನು ಕೆಲಸಗಾರ ಯಾಕೆ ನಂಬಬೇಕು?

ಉತ್ತರ 3 (ನಿವೃತ್ತ, ಸಾರ್ವಜನಿಕ ವಲಯದ ಉದ್ದಿಮೆ)
ಜಪಾನಿನಲ್ಲಿ 1962ರಲ್ಲಿ ಆರಂಭವಾದ ಕ್ವಾಲಿಟಿ ಸರ್ಕಲ್ ಪದ್ಧತಿ 1980ರ ಸುಮಾರಿಗೆ ಹೈದರಾಬಾದಿನ ಬಿಎಚ್‌ಇಎಲ್ ಮೂಲಕ ನಮ್ಮಲ್ಲಿಗೂ ಬಂತು. ಒಂದೇ ಕೆಲಸ ಮಾಡುವ ಐದಾರು ಜನ ವಾರಕ್ಕೊಮ್ಮೆ, ಕೆಲಸದ ಅವಧಿಯಲ್ಲೇ ಕುಳಿತು, ತಮ್ಮದೇ ಒಂದು ತೊಂದರೆಯನ್ನು ಆರಿಸಿಕೊಂಡು ಕಾರಣ ಹುಡುಕುವುದು ಇದರ ತಿರುಳು. ನಿಮ್ಮಲ್ಲಿ ಎರಡೂ ಪಾಳಿಯವರನ್ನು ಕೂರಿಸಿ ಈ ಇನ್ಸರ್ಟ್ ವಿಷಯದಿಂದಲೇ ಆರಂಭಿಸಬಹುದು. ಅವರು ಸೂಚಿಸಿದ್ದರಲ್ಲಿ ಒಂದನ್ನಾದರೂ ಆ ತಿಂಗಳೇ ಜಾರಿಗೆ ತನ್ನಿ, ಇಲ್ಲವಾದರೆ ಮುಂದಿನ ಸಭೆಯಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಬಿಹಾರ, ಒಡಿಶಾದ ಹುಡುಗರಿದ್ದರೆ ಅವರ ಭಾಷೆ ಬಲ್ಲ ಒಬ್ಬರು ಪಕ್ಕದಲ್ಲಿರಲಿ. ರಾತ್ರಿ ಪಾಳಿಯಲ್ಲಿ ನಡೆಯುವುದನ್ನು ಚೆನ್ನಾಗಿ ಬಲ್ಲವರು ಅನೇಕ ಕಡೆ ಆ ಹುಡುಗರೇ ಆಗಿರುತ್ತಾರೆ.