ಟಿಲ್ಲರ್, ಲಿಫ್ಟ್, ಪೆನ್ಸಿಲ್: ಈ ಮಿತ್ಸುಬಿಷಿ ಎಲ್ಲಾ ಒಂದೇನಾ?

ಗದ್ದೆಬದು:
ನಮ್ಮೂರು ಮದ್ದೂರಿನ ಹತ್ತಿರ. ಮನೇಲಿ ಹಳೇ ಪವರ್ ಟಿಲ್ಲರಿಗೆ ಹೆಸರೇ ‘ಮಿತ್ಸುಬಿಷಿ’. ‘ಮಿತ್ಸುಬಿಷಿ ಇಳಿಸ್ಲಾ ಗದ್ದೆಗೆ’ ಅಂತಾರೆ ಅಪ್ಪ. ಬೆಂಗಳೂರಿಗೆ ಬಂದ್ರೆ ಆಫೀಸಿನ ಲಿಫ್ಟ್ ಮೇಲೂ ಅದೇ ಹೆಸರು. ಮಗಳ ಪೆನ್ಸಿಲ್ ಮೇಲೂ ಅದೇ ಮೂರು ವಜ್ರ. ಅಮೆರಿಕದ ದೊಡ್ಡ ಹೂಡಿಕೆದಾರ ವಾರೆನ್ ಬಫೆಟ್ ಕೂಡ ಇವರ ಷೇರು ತಗೊಂಡಿದ್ದಾರಂತೆ. ಇಷ್ಟಕ್ಕೆಲ್ಲ ಯಜಮಾನ ಯಾರು?

ಕೊಳಗ:
ಟಿಲ್ಲರಿಗೆ ಉತ್ತರ ಇಲ್ಲೇ ಇದೆ. ಬೆಂಗಳೂರಿನ ಟಿಲ್ಲರ್ ಕಂಪನಿ ವಿಎಸ್‌ಟಿ 1967ರಲ್ಲಿ ಶುರುವಾಗಿದ್ದೇ ಮಿತ್ಸುಬಿಷಿ ಹೆವಿ ಇಂಡಸ್ಟ್ರೀಸ್ ಸಹಯೋಗದಲ್ಲಿ. ಲಿಫ್ಟ್ ಬೇರೆ, ಅದು ಮಿತ್ಸುಬಿಷಿ ಎಲೆಕ್ಟ್ರಿಕ್.

ಟೋಕಿಯೊ ಕನ್ನಡಿಗ:
ಯಜಮಾನ ಅನ್ನೋರು ಈಗ ಯಾರೂ ಇಲ್ಲ ಸರ್. ಇದ್ದದ್ದು ಇವಾಸಾಕಿ ಮನೆತನ. ಜಪಾನಿನ ತೋಸಾ ಸೀಮೆಯ ಯತಾರೊ ಇವಾಸಾಕಿ 1870ರಲ್ಲಿ ಮೂರು ಹಡಗು ಇಟ್ಟುಕೊಂಡು ವ್ಯಾಪಾರ ಶುರು ಮಾಡಿದ. ‘ಮಿತ್ಸು’ ಅಂದ್ರೆ ಮೂರು, ‘ಹಿಶಿ’ ಅಂದ್ರೆ ಕೆರೆಯಲ್ಲಿ ಬೆಳೆಯೋ ಸಿಂಗಾಡ. ವಜ್ರದ ಆಕಾರಕ್ಕೂ ಅದೇ ಹೆಸರು. ಅವನ ತಮ್ಮ ಯನೊಸುಕೆ 1890ರಲ್ಲಿ ಟೋಕಿಯೊ ಅರಮನೆ ಎದುರಿಗಿದ್ದ ಸೈನ್ಯದ ಜಾಗ ಕೊಂಡಾಗ ಅದೊಂದು ಬಯಲು, ಜನ ‘ಮಿತ್ಸುಬಿಷಿ ಬಯಲು’ ಅಂತಿದ್ರು. ನಾನು ದಿನಾ ರೈಲಿಳಿದು ನಡೆಯೋ ಮರುನೊಉಚಿ ಅದೇ. ಅಲ್ಲಿನ ಕೆಂಪು ಇಟ್ಟಿಗೆಯ ಕಟ್ಟಡ (1894ರದ್ದರ ಮರುನಿರ್ಮಾಣ) ನೋಡಿದಾಗಲೆಲ್ಲ ಆ ತಮ್ಮನ ಧೈರ್ಯಕ್ಕೆ ಕೈಮುಗಿಯಬೇಕು ಅನ್ನಿಸುತ್ತೆ.

ಎರಡನೇ ಮಹಾಯುದ್ಧ ಸೋತ ಮೇಲೆ ಅಮೆರಿಕನ್ನರು ಇಂಥ ಮನೆತನದ ಉದ್ಯಮಗಳನ್ನೆಲ್ಲ, ಅಂದ್ರೆ ಝೈಬಾತ್ಸುಗಳನ್ನ, ಒಡೆದರು. ಮಿತ್ಸುಬಿಷಿಯ ಮೂಲ ಕಂಪನಿ 1946ರಲ್ಲಿ ಮುಚ್ಚಿತು. ವ್ಯಾಪಾರ ನೋಡ್ತಿದ್ದ ‘ಶೋಜಿ’ ಕಂಪನಿ ನೂರಕ್ಕೂ ಹೆಚ್ಚು ಚೂರಾಯ್ತು. ಆ ಚೂರುಗಳೇ 1954ರಲ್ಲಿ ಮತ್ತೆ ಒಂದಾದವು. ಇವತ್ತು ಶೋಜಿ, ಹೆವಿ, ಎಲೆಕ್ಟ್ರಿಕ್, ಬ್ಯಾಂಕು ಎಲ್ಲ ಬೇರೆ ಬೇರೆ ಮನೆ. ಅಧ್ಯಕ್ಷರು ತಿಂಗಳಿಗೊಮ್ಮೆ ಶುಕ್ರವಾರ ಸೇರ್ತಾರೆ, ಅಷ್ಟೇ. ಬಫೆಟ್ ತಗೊಂಡಿದ್ದೀನಿ ಅಂತ 2020ರಲ್ಲಿ ಹೇಳಿದ್ದು ಶೋಜಿ ಷೇರು, ಜೊತೆಗೆ ಇನ್ನೂ ನಾಲ್ಕು ವ್ಯಾಪಾರಿ ಕಂಪನಿಗಳದ್ದು.

ಗದ್ದೆಬದು:
ಹಾಗಾದ್ರೆ ಶೋಜಿ ಏನೂ ತಯಾರಿಸೋದೇ ಇಲ್ವಾ? ಬರೀ ದಲ್ಲಾಳಿನಾ?

ಟೋಕಿಯೊ ಕನ್ನಡಿಗ:
ದಲ್ಲಾಳಿ ಕಮಿಷನ್ ತಗೊಂಡು ಹೊರಟುಬಿಡ್ತಾನೆ, ಇವರು ತಮ್ಮ ದುಡ್ಡನ್ನೂ ಹಾಕ್ತಾರೆ. ಬ್ರುನೈ ಅನಿಲ ತಗೊಳ್ಳಿ. 20 ವರ್ಷಕ್ಕೆ ಗಿರಾಕಿ ಸಿಗದೆ ಯಾರೂ ಅನಿಲ ದ್ರವ ಮಾಡೋ ಸ್ಥಾವರ ಕಟ್ಟಲ್ಲ. ಸ್ಥಾವರ ಇಲ್ಲದೆ ಟೋಕಿಯೊದ ವಿದ್ಯುತ್ ಕಂಪನಿ ಸಹಿ ಹಾಕಲ್ಲ. ಶೋಜಿಯವರು ತೈಲ ಕಂಪನಿ ಶೆಲ್ ಮತ್ತು ಬ್ರುನೈ ಸರ್ಕಾರದ ಜೊತೆ ಪಾಲು ಹಾಕಿ, ಈ ಕಡೆ ಗಿರಾಕಿಗಳನ್ನೂ ಒಪ್ಪಿಸಿದ್ರು. 1972ರಲ್ಲಿ ಹಡಗು ಬರೋಕೆ ಶುರು. ನನಗೆ ಇಡೀ ಚರಿತ್ರೆಯಲ್ಲಿ ತುಂಬಾ ಇಷ್ಟವಾದ ಭಾಗ ಇದು. ಆದ್ರೆ ಪಾಲು ಹಾಕಿದ ಮೇಲೆ ಏಟೂ ತಮ್ಮದೇ. ಚಿಲಿಯ ತಾಮ್ರದಲ್ಲಿ ಬೆಲೆ ಕುಸಿದು, 2016ರ ಮಾರ್ಚಿಗೆ ಮುಗಿದ ವರ್ಷ ಶೋಜಿ ಮೊದಲ ಸಲ ನಷ್ಟ ತೋರಿಸ್ತು.

ಕೊಳಗ:
ಪೆನ್ಸಿಲ್ ಮರೆತ್ರಿ. ಅದು ಈ ಬಳಗದ್ದೇ ಅಲ್ಲ! ಆ ಕಂಪನಿ 1903ರಲ್ಲೇ ಮೂರು ವಜ್ರವನ್ನ ತನ್ನ ಹೆಸರಲ್ಲಿ ನೋಂದಾಯಿಸಿತ್ತು. ಯುದ್ಧದ ನಂತರ ಗುರುತು ಉಳಿಸಿಕೊಳ್ಳೋಕೆ ಪೆನ್ಸಿಲ್ ಮೇಲೇ ‘ಝೈಬಾತ್ಸು ಅಲ್ಲ’ ಅಂತ ಅಚ್ಚು ಹಾಕಿ ಮಾರಿದ್ರು.